ಕವಚದ ಗಾಡಿಗೂ ಮಡಿ

(ಅಮೆರಿಕದ ಬಾಲ್ಟಿಮೋರ್ ಬಂದರು. ಬ್ರಿಟನ್ನಿನಿಂದ ಬಂದಿಳಿದ 1959ರ ಫೆರೆಟ್ ಕವಚವಾಹನ. ಪಕ್ಕದಲ್ಲಿ ಅದರ ಹೊಸ ಧಣಿ, ಎದುರಿಗೆ ಅಧಿಕಾರಿ.)

ಅಧಿಕಾರಿ: ಸೀಟ್‌ಬೆಲ್ಟು, ಬ್ರೇಕು ನಮ್ಮ ಸುರಕ್ಷತಾ ನಿಯಮದಂತಿವೆಯೋ?

ಧಣಿ: ವಯಸ್ಸು 25 ದಾಟಿದೆ. ವಿನಾಯಿತಿ.

ಅಧಿಕಾರಿ: ಹೊಗೆ?

ಧಣಿ: ಅದಕ್ಕೆ 21 ಸಾಕು.

ಅಧಿಕಾರಿ: ಕವಚ ಇದೆಯಲ್ಲ, ಆಮದು ಪರವಾನಗಿಯ ಆರನೇ ನಂಬರ್ ಫಾರಂ?

ಧಣಿ: ಮಂಜೂರಾಗಿದೆ. ಮಷಿನ್‌ಗನ್ನೂ ತೆಗೆಸಿದ್ದೇನೆ.

(ಮಂಜೂರಾತಿಗೆ ಮೊದಲೇ ಹಡಗೇರಿಸಿದವರ ಪಾಡು ಕೇಳಬೇಡಿ.)

ಅಧಿಕಾರಿ: ಪುಣ್ಯಕ್ಕೆ ಬ್ರಿಟಿಷ್ ಗಾಡಿ. ನಮ್ಮಲ್ಲೇ ಹುಟ್ಟಿ, ಪರದೇಶಕ್ಕೆ ನೆರವಾಗಿ ಹೋದ ಷರ್ಮನ್ ಟ್ಯಾಂಕು ತವರಿಗೆ ಬರಬೇಕಾದರೆ ಇನ್ನೂ ಕಾಗದ ಬೇಕು.

ಧಣಿ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನಿ.

ಅಧಿಕಾರಿ: (ಚಕ್ರದ ಕಮಾನಿನೊಳಗೆ ಬೆರಳಾಡಿಸಿ, ಬೆಚ್ಚಿ) ಇದೇನ್ರೀ ಇದು?

ಧಣಿ: ಕೆಸರು. ಸೈನ್ಯ ತರಬೇತಿ ಮಾಡುವ ಸಾಲ್ಸ್‌ಬರಿ ಬಯಲಿನ ಅಸಲಿ ಕೆಸರು! ಅದಕ್ಕೂ ಸೇರಿಸಿಯೇ ದುಡ್ಡು ಕೊಟ್ಟಿದ್ದೇನೆ.

ಅಧಿಕಾರಿ: ವಿದೇಶಿ ಮಣ್ಣು! ಒಳಗೆ ಯಾವ ಹುಳ, ಯಾವ ಬೀಜ ಇದೆಯೋ! ಉಕ್ಕಿನ ಕವಚ ಒಳಬರಲಿ, ಹಿಡಿ ಮಣ್ಣು ಬರಕೂಡದು. ಹಬೆಯಲ್ಲಿ ತೊಳೆಸಿ, ಇಲ್ಲವೇ ಹಿಂದಕ್ಕೆ ಕಳಿಸಿ.

ಧಣಿ: ಹಿಂದಕ್ಕೆ ಹೋಗುವುದು ಇದಕ್ಕೆ ಸಲೀಸು. ಮುಂದಕ್ಕೆ ಐದು ಗೇರು, ಹಿಂದಕ್ಕೂ ಐದು.

ಅಧಿಕಾರಿ: ನಮ್ಮ ಕಡತಗಳಿಗೆ ಹಿಂದಿನವು ಮಾತ್ರ. ಯಾರಲ್ಲಿ, ಮುಂದಿನವರು ಬನ್ನಿ!