ಬೈಟು ಪುಸ್ತಕ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದೆಲೆಯವರು ಮೂರು ಪ್ರಶ್ನೆ ಕೇಳುವುದು ವಾಡಿಕೆ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ, ಮನೆ ಎಲ್ಲಿ ಮಾಡಿದ್ದೀರಿ, ಮಕ್ಕಳು ಏನು ಮಾಡ್ತಿದಾರೆ. ಕಳೆದ ತಿಂಗಳು ಒಬ್ಬ ಹಿರಿಯರು ನನ್ನ ಕೈಚೀಲದಿಂದ ಇಣುಕುತ್ತಿದ್ದ ದಪ್ಪ ಪುಸ್ತಕ ನೋಡಿ ನಾಲ್ಕನೆಯದನ್ನೂ ಕೇಳಿಬಿಟ್ಟರು: "ಏನು ಓದ್ತಾ ಇದೀರಿ?"

ಇಂಥ ಪ್ರಶ್ನೆ ಕೇಳುವವರು ಸಿಗುವುದೇ ಅಪರೂಪ. ಹಪ್ಪಳ ಬದಿಗಿಟ್ಟು ಶುರುಮಾಡಿದೆ. ಒಂದು ಗ್ರಹ, ಪೂರ್ತಿ ಮರಳುಗಾಡು. ಮರಳಿನೊಳಗೆ ರೈಲುಗಾಡಿಯಷ್ಟು ಉದ್ದದ ಹುಳುಗಳು. ಅಲ್ಲಿನ ಜನ ಕೊಕ್ಕೆ ಹಾಕಿ ಆ ಹುಳುವಿನ ಬೆನ್ನೇರಿ ಊರಿಂದೂರಿಗೆ ಹೋಗಿಬರುತ್ತಾರೆ. ಹಿರಿಯರು ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡು, ಬಹಳ ಕರುಣೆಯಿಂದ, "ಮೊಮ್ಮಕ್ಕಳಿಗೆ ಓದಿ ಹೇಳೋದಕ್ಕೋ?" ಅಂದರು.

"ಹೌದು" ಅಂದೆ. ನನಗೆ ಮೊಮ್ಮಕ್ಕಳಿಲ್ಲ.

ಆ ಪುಸ್ತಕ ಫ್ರಾಂಕ್ ಹರ್ಬರ್ಟನ 'ಡ್ಯೂನ್'. ಅದಕ್ಕೂ ಇಂಥ ಅವಮಾನ ಹೊಸದಲ್ಲ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಒಲ್ಲೆ ಎಂದ ಮೇಲೆ 1965ರಲ್ಲಿ ಅದನ್ನು ಅಚ್ಚು ಹಾಕಿದ್ದು ಚಿಲ್ಟನ್ ಎಂಬ ಕಂಪನಿ. ಕಾರು ರಿಪೇರಿ ಮಾಡುವ ಕೈಪಿಡಿಗಳಿಗೆ ಹೆಸರಾದ ಕಂಪನಿ ಅದು. ಹುಳುವಿನ ಮೇಲೆ ಸವಾರಿ ಮಾಡುವುದೂ ಒಂದು ಬಗೆಯ ಡ್ರೈವಿಂಗ್ ಅಂದುಕೊಂಡರೋ ಏನೋ.

ಇಂಥ ಪುಸ್ತಕ ಓದುತ್ತಿದ್ದೇನೆಂದು ಸುಳ್ಳು ಹೇಳದೆ ಒಪ್ಪಿಕೊಳ್ಳಬಹುದಾದ ಜಾಗ ನನ್ನ ಪಾಲಿಗೆ ಒಂದೇ ಒಂದು. ಗಾಂಧಿ ಬಜಾರಿನ ಹತ್ತಿರದ ಒಂದು ಹಳೇ ಹೋಟೆಲು, ಕಿಟಕಿ ಪಕ್ಕದ ಟೇಬಲ್ಲು, ತಿಂಗಳ ಎರಡನೇ ಭಾನುವಾರ. ಸೇರುವವರು ಐದು ಜನ. ರಿಟೈರ್ ಆದ ಕನ್ನಡ ಮೇಷ್ಟ್ರು ಒಬ್ಬರು. ಅವರಿಗೆ ಗಮಕದ ಹುಚ್ಚೂ ಉಂಟು. ಬ್ಯಾಂಕಿನವರೊಬ್ಬರು. ಧಾರವಾಡ ಕಡೆಯ ಡಾಕ್ಟರಮ್ಮ. ಸಾಫ್ಟ್‌ವೇರ್ ಹುಡುಗಿಯೊಬ್ಬಳು; ನಮ್ಮ ಕೂಟದ ಸರಾಸರಿ ವಯಸ್ಸನ್ನು ಮರ್ಯಾದೆಯ ಮಟ್ಟಕ್ಕೆ ಇಳಿಸುವುದು ಅವಳ ಜವಾಬ್ದಾರಿ. ಐದನೆಯವನು ನಾನು. ಐದು ಜನಕ್ಕೆ ಬೈಟು ಲೆಕ್ಕ ಸರಿಹೋಗುವುದಿಲ್ಲವೆಂದು ಸಪ್ಲಯರ್ ಪ್ರತಿ ಸಲವೂ ಗೊಣಗುತ್ತಾನೆ.

ನಮ್ಮ ನಿಯಮ ಎರಡೇ. ಮೊದಲನೆಯದು, ಓದಿ ಮುಗಿಸಿದ ಪುಸ್ತಕ ತರಕೂಡದು. ಸದ್ಯ ಓದುತ್ತಿರುವುದನ್ನಷ್ಟೇ ತರಬೇಕು. ಇದು ಅನುಭವದಿಂದ ಬಂದ ನಿಯಮ. ಮುಗಿಸಿದವರು ಭಾಷಣ ಮಾಡುತ್ತಾರೆ. ಕೃತಿಯ ಆಶಯ, ಪಾತ್ರಪೋಷಣೆ, ಕೊನೆಗೊಂದು ತೀರ್ಪು. ನಡುವಿನಲ್ಲಿರುವವರು ಹಾಗಲ್ಲ. "ಇವನು ಒಳ್ಳೆಯವನು ಅಂದ್ಕೊಂಡಿದ್ದೆ ಕಣ್ರೀ, ಈಗ ಯಾಕೋ ಅನುಮಾನ" ಎಂದು ಮನೆಗೆ ಬಂದ ಹೊಸ ಅಳಿಯನ ಬಗ್ಗೆ ಹೇಳುವ ಹಾಗೆ ಪಿಸುಗುಡುತ್ತಾರೆ. ಅದನ್ನು ಕೇಳುವುದೇ ಸುಖ.

ಒಂದು ಭಾನುವಾರ ಸಾಫ್ಟ್‌ವೇರ್ ಹುಡುಗಿ ಚೀನಾದ ಲಿಯು ಸಿಶಿನ್ ಬರೆದ 'ತ್ರೀ ಬಾಡಿ ಪ್ರಾಬ್ಲಂ' ಹಿಡಿದುಕೊಂಡು ಬಂದಳು. 2015ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದ ಕಾದಂಬರಿ. ಹಿಂದಿನ ರಾತ್ರಿ ಅವಳು ಓದಿದ್ದ ಭಾಗದಲ್ಲಿ ಚಕ್ರವರ್ತಿಯೊಬ್ಬ ಮೂರು ಕೋಟಿ ಸೈನಿಕರನ್ನು ಬಯಲಿನಲ್ಲಿ ನಿಲ್ಲಿಸಿ, ಕೈಗೊಂದು ಕಪ್ಪು ಬಾವುಟ, ಒಂದು ಬಿಳಿ ಬಾವುಟ ಕೊಟ್ಟು, ಇಡೀ ಸೈನ್ಯವನ್ನೇ ಒಂದು ಕಂಪ್ಯೂಟರ್ ಮಾಡುತ್ತಾನಂತೆ. ಅದು ಹೇಗಮ್ಮ ಎಂದು ಬ್ಯಾಂಕಿನವರು ಕೇಳಿದರು. ಅವಳು ಖಾಲಿ ಕಾಫಿ ಲೋಟಗಳನ್ನೆಲ್ಲ ಎಳೆದುಕೊಂಡಳು. "ನೋಡಿ ಅಂಕಲ್, ನೆಟ್ಟಗಿರೋ ಲೋಟ ಅಂದ್ರೆ ಒಂದು, ಬೋರಲು ಅಂದ್ರೆ ಸೊನ್ನೆ. ಈ ಇಬ್ಬರು ಸೈನಿಕರನ್ನ ಹಿಂದೆ ನಿಂತಿರೋ ಮೂರನೆಯವನು ನೋಡ್ತಿರ್ತಾನೆ. ಇಬ್ಬರೂ ನೆಟ್ಟಗಿದ್ರೆ ಇವನೂ ನೆಟ್ಟಗೆ. ಯಾರಾದ್ರೂ ಒಬ್ಬ ಬೋರಲಾದ್ರೂ ಇವನೂ ಬೋರಲು. ಅಷ್ಟೇ. ಇಂಥವರು ಕೋಟಿಗಟ್ಟಲೆ ಇದ್ರೆ ಎಂಥ ಲೆಕ್ಕ ಬೇಕಾದ್ರೂ ಮಾಡಬಹುದು." ಮೂರು ಲೋಟ ಆರಾಯಿತು, ಪಕ್ಕದ ಟೇಬಲಿನದೂ ಸೇರಿ ಹತ್ತಾಯಿತು. ಇನ್ನೇನು ಒಂದಕ್ಕೆ ಒಂದು ಕೂಡಿಸಿ ಎರಡು ಬರಬೇಕು, ಕ್ಲೀನರ್ ಹುಡುಗ ಬಂದು ಹತ್ತೂ ಲೋಟ ಬಕೆಟ್ಟಿಗೆ ಸುರಿದುಕೊಂಡು ಹೋದ. ಅಷ್ಟು ದೊಡ್ಡ ಸೈನ್ಯ ಅಷ್ಟು ಸಲೀಸಾಗಿ ಸೋತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೆಯ ನಿಯಮ: "ಇದೆಲ್ಲ ನಮ್ಮ ಪುರಾಣದಲ್ಲಿ ಮೊದಲೇ ಇತ್ತು" ಎಂದವರು ಆ ದಿನದ ಬಿಲ್ಲು ಕೊಡಬೇಕು. ಮೇಷ್ಟ್ರ ಪಿಂಚಣಿಯಲ್ಲಿ ಗಣನೀಯ ಭಾಗ ಹೋಗುವುದು ಇದಕ್ಕೇ. 'ಇಂಟರ್‌ಸ್ಟೆಲ್ಲರ್' ಸಿನಿಮಾದಲ್ಲಿ ಒಂದು ಗ್ರಹದ ಮೇಲೆ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಕಳೆಯುತ್ತದೆ ಎಂಬ ಮಾತು ಬಂದ ದಿನ ಅವರು ತುಟಿ ಕಚ್ಚಿ ಹತ್ತು ನಿಮಿಷ ತಡೆದುಕೊಂಡರು. ಆಮೇಲೆ ಪರ್ಸು ತೆಗೆದು ಟೇಬಲ್ ಮೇಲಿಟ್ಟು, ಕಕುದ್ಮಿ ರಾಜನ ಕಥೆ ಶುರು ಮಾಡಿದರು. ಮಗಳು ರೇವತಿಗೆ ಗಂಡು ಯಾರೆಂದು ಕೇಳಲು ರಾಜ ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೆಯುತ್ತಿರುತ್ತದೆ. ಮುಗಿಯಲಿ ಎಂದು ಕಾಯುತ್ತಾನೆ. ಮುಗಿದ ಮೇಲೆ ತನ್ನ ಪಟ್ಟಿ ತೆಗೆದರೆ ಬ್ರಹ್ಮ ನಗುತ್ತಾನೆ: ಅಯ್ಯಾ, ನೀನು ಕೂತಿದ್ದಾಗಲೇ ಕೆಳಗೆ 27 ಚತುರ್ಯುಗ ಕಳೆದುಹೋಯಿತು, ನಿನ್ನ ಪಟ್ಟಿಯಲ್ಲಿದ್ದವರ ಮರಿಮಕ್ಕಳ ಹೆಸರೂ ಉಳಿದಿಲ್ಲ. ಹೋಗು, ಬಲರಾಮನಿಗೆ ಕೊಡು. ಹಳೇ ಯುಗದ ಹುಡುಗಿ ಹೊಸ ಯುಗದ ಬಲರಾಮನಿಗಿಂತ ಬಹಳ ಎತ್ತರವಾದಳು; ಅವನು ನೇಗಿಲಿನ ತುದಿಯಿಂದ ಬಗ್ಗಿಸಿ ಸರಿಮಾಡಿಕೊಂಡ. ಬ್ಯಾಂಕಿನವರು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದರು. ಚತುರ್ಯುಗಕ್ಕೆ 43,20,000 ವರ್ಷದಂತೆ 11,66,40,000 ವರ್ಷ. "ಒಂದು ಕಛೇರಿಗೆ ಜಾಸ್ತಿಯಾಯ್ತು" ಎಂದರು. ಆವತ್ತಿನ ಬಿಲ್ಲನ್ನು ಮೇಷ್ಟ್ರಿಂದ ತೆಗೆದುಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಆದರೂ ತೆಗೆದುಕೊಂಡೆವು.

ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ವೈಜ್ಞಾನಿಕ ಕಥೆಗಳ ಮಾಸಿಕ ಹೊರಡಿಸಿ, ಅದರಲ್ಲಿ ಓದುಗರ ಪತ್ರಗಳನ್ನು ವಿಳಾಸ ಸಮೇತ ಅಚ್ಚು ಮಾಡುತ್ತಿದ್ದನಂತೆ. ಈ ಜಾತಿಯ ಓದುಗರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಹಾಗೆ. ಸಂಪಾದಕರಿಗೆ ಬರೆಯುವುದು ಬಿಟ್ಟು ತಮ್ಮತಮ್ಮಲ್ಲೇ ಬರೆದುಕೊಂಡರು, ಊರೂರಲ್ಲಿ ಕೂಟ ಕಟ್ಟಿದರು, 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನವನ್ನೂ ಮಾಡಿದರು. ನಮಗೆ ಅಷ್ಟು ವಿಳಾಸ ಬೇಕಾಗಲಿಲ್ಲ. ನಾನೂ ಬ್ಯಾಂಕಿನವರೂ ಪರಿಚಯವಾದದ್ದು ದಂತವೈದ್ಯರ ಷಾಪಿನ ಬೆಂಚಿನ ಮೇಲೆ, ಕಾಯುತ್ತಾ ಕೂತಿದ್ದಾಗ ಇಬ್ಬರ ಕೈಯಲ್ಲೂ ಅಸಿಮೋವ್ ಇದ್ದ ಕಾರಣಕ್ಕೆ. ಅವರ ಸರದಿ ಬಂದರೂ ಅವರು ಏಳಲಿಲ್ಲ. ಹಲ್ಲುನೋವನ್ನು ಮರೆಸಿದ ಸಾಹಿತ್ಯವೆಂದು ನಾನು ಪ್ರಮಾಣಪತ್ರ ಕೊಡಬಲ್ಲೆ.

ಬೇರು ಮಾತ್ರ ಎಲ್ಲರದೂ ಬಾಲ್ಯದಲ್ಲೇ. ನಾವು ಹಿರಿಯರು 'ಚಂದಮಾಮ'ದವರು. ಕನ್ನಡದಲ್ಲಿ ಅದು 1949ರಲ್ಲಿ ಶುರುವಾದದ್ದು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನ, ಕಲಾವಿದ ಶಂಕರ್ ಬರೆದ ಆ ಚಿತ್ರವನ್ನು ನೋಡಿ ರಾತ್ರಿ ಬಚ್ಚಲಿಗೆ ಹೋಗಲು ಹೆದರಿದವರು. ಹುಡುಗಿ 'ಬಾಲಮಂಗಳ'ದ ಡಿಂಗನ ಪೀಳಿಗೆ. ಅನ್ಯಗ್ರಹದವರು ಹೊತ್ತೊಯ್ದು ಶಕ್ತಿ ತುಂಬಿ ಕಳಿಸಿದ ಇಲಿ ಡಿಂಗ. ನಮಗೆ ಬೇತಾಳ, ಅವಳಿಗೆ ಇಲಿ. ಎರಡನ್ನೂ ಓದಿದ್ದು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡೇ. ಈಗಲೂ ನನಗೆ ಭಿನ್ನರಾಶಿ ಕಂಡರೆ ಏನೋ ನಿಗೂಢ ಕಾದಿದೆ ಅನ್ನಿಸುತ್ತದೆ.

ಯಾರು ನಮ್ಮವರು, ಯಾರು ಅಲ್ಲ ಎಂಬ ಜಗಳವೂ ನಡೆಯುತ್ತದೆ. ಮನು ಅವರ 'ಮಹಾಸಂಪರ್ಕ', ರಾಜಶೇಖರ ಭೂಸನೂರಮಠರ ಕಥೆಗಳು, ಇವು ನಿರ್ವಿವಾದ. ಕಾರಂತರ ಮೂಕಜ್ಜಿ? ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿದೊಡನೆ ಅದರ ಹಿಂದಿನದೆಲ್ಲ ಕಾಣುವ ಅಜ್ಜಿ. ಇದೇ ಶಕ್ತಿಯನ್ನು ಅಮೆರಿಕದ ಯಾವನಾದರೂ ತನ್ನ ನಾಯಕನಿಗೆ ಕೊಟ್ಟಿದ್ದರೆ ಮುಖಪುಟದಲ್ಲಿ ಮಿಂಚು ಹೊಡೆಸಿ ಮಾರುತ್ತಿದ್ದರು; ನಮ್ಮಲ್ಲಿ ಜ್ಞಾನಪೀಠ ಕೊಟ್ಟು ಗಂಭೀರ ಸಾಹಿತ್ಯದ ಬೀರುವಿನಲ್ಲಿಟ್ಟೆವು ಎಂದು ನನ್ನ ವಾದ. ತೇಜಸ್ವಿಯವರ ಹಾರುವ ಓತಿಯ ಬೆನ್ನು ಹತ್ತಿ 'ಕರ್ವಾಲೊ'ವನ್ನೂ ಒಳಗೆ ಕರೆದುಕೊಳ್ಳಲು ನೋಡಿದೆ. ಡಾಕ್ಟರಮ್ಮ ಬಿಡಲಿಲ್ಲ. "ಹಾರೂ ಓತಿ ಖರೇನ ಐತ್ರೀ. ನೀವು ನೋಡಿಲ್ಲಂದ್ರ ಅದು ಫ್ಯಾಂಟಸಿ ಆಗೂದಿಲ್ಲ."

ಆದರೆ ದೊಡ್ಡ ತುರುಪನ್ನು ಎಸೆದದ್ದು ಮೇಷ್ಟ್ರು. ಗಂಭೀರ ಸಾಹಿತ್ಯದ ಮಿತ್ರರೊಬ್ಬರು ಒಮ್ಮೆ ನಮ್ಮ ಟೇಬಲ್ಲಿಗೆ ಬಂದು, ವಾಸ್ತವದಿಂದ ಓಡಿಹೋಗುವವರು ನೀವು, ಕಾದಂಬರಿಯೆಂದರೆ ಬದುಕಿನ ಕನ್ನಡಿ ಎಂದರು. ಮೇಷ್ಟ್ರು ಮೆಲ್ಲಗೆ ಕೇಳಿದರು: "ಆ ಕಾದಂಬರಿ ಅನ್ನೋ ಮಾತು ಎಲ್ಲಿಂದ ಬಂತು ಸ್ವಾಮಿ?" ಬಂದದ್ದು ಬಾಣಭಟ್ಟನ 'ಕಾದಂಬರಿ'ಯಿಂದ. ಅದರಲ್ಲಿ ಕಥೆ ಹೇಳುವುದು ಒಂದು ಗಿಳಿ. ಆ ಗಿಳಿಗೆ ಕಥೆ ಹೇಳಿದ್ದು ಋಷಿ. ಚಂದ್ರ ಭೂಮಿಯಲ್ಲಿ ರಾಜಕುಮಾರನಾಗಿ ಹುಟ್ಟುತ್ತಾನೆ, ಶಾಪಗ್ರಸ್ತ ಗೆಳೆಯ ಕುದುರೆಯಾಗಿರುತ್ತಾನೆ, ಪ್ರೀತಿ ಜನ್ಮದಿಂದ ಜನ್ಮಕ್ಕೆ ದಾಟುತ್ತದೆ. ನಾಗವರ್ಮ ಅದನ್ನು ಕನ್ನಡಕ್ಕೂ ತಂದ. ಇಂಥ ಪುಸ್ತಕದ ಹೆಸರನ್ನೇ ಹೊತ್ತುಕೊಂಡು ನಮ್ಮ ಕಡು ವಾಸ್ತವವಾದಿಗಳೂ ತಿರುಗುತ್ತಿದ್ದಾರೆ. ಮಿತ್ರರು ಕಾಫಿ ಆರಿತೆಂದು ಎದ್ದುಹೋದರು. ಮೇಷ್ಟ್ರು ಪುರಾಣದ ಮಾತೆತ್ತಿರಲಿಲ್ಲವಾದ್ದರಿಂದ ದಂಡ ಬೀಳಲಿಲ್ಲ.

ಬಾಣ ಅದನ್ನು ಮುಗಿಸದೆ ತೀರಿಕೊಂಡ, ಮಗ ಪೂರ್ತಿ ಮಾಡಿದ. ಈ ವಿಷಯ ಬಂದರೆ ಬ್ಯಾಂಕಿನವರ ಮುಖ ಅರಳುತ್ತದೆ. ಎರಡು ವರ್ಷದಿಂದ ಅವರು ಓದುತ್ತಿರುವುದು ರಾಬರ್ಟ್ ಜೋರ್ಡನ್‌ನ 'ವೀಲ್ ಆಫ್ ಟೈಮ್'. 14 ಸಂಪುಟ. ಹಳೇ ಲೆಡ್ಜರೊಂದರಲ್ಲಿ ಪಾತ್ರಗಳ ಹೆಸರು ಬರೆದುಕೊಂಡಿದ್ದಾರೆ; ಸತ್ತವರನ್ನು ಖರ್ಚಿನ ಕಡೆ ತೋರಿಸುತ್ತಾರೆ. ಜೋರ್ಡನ್ 2007ರಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದು 2013ರಲ್ಲಿ ಮುಗಿಸಿದ. ಇದನ್ನು ಕೇಳಿ ಮೇಷ್ಟ್ರು, "ಹಾಗಾದರೆ ಅವನು ಇವರ ತಿಮ್ಮಣ್ಣ ಕವಿ" ಎಂದರು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಮುಂದುವರಿಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ. ಇನ್ನೊಬ್ಬ, ಜಾರ್ಜ್ ಮಾರ್ಟಿನ್, ತನ್ನ ಫ್ಯಾಂಟಸಿ ಸರಣಿಯ ಐದನೆಯ ಸಂಪುಟ ಕೊಟ್ಟದ್ದು 2011ರಲ್ಲಿ. ಆರನೆಯದಕ್ಕೆ ಕಾಯುತ್ತಾ ಎಷ್ಟೋ ಜನರ ತಲೆ ನೆರೆತಿದೆ. ಅಲ್ಲೊಬ್ಬ ತಿಮ್ಮಣ್ಣ ತಯಾರಾಗುತ್ತಿರಲಿ ಎಂದು ನಾವು ಬಹಿರಂಗವಾಗಿ ಹಾರೈಸುವಂತಿಲ್ಲ, ಚೆನ್ನಾಗಿರುವುದಿಲ್ಲ.

ಮುಂದಿನದನ್ನು ಮೊದಲೇ ಹೇಳಿಬಿಡುವುದು ಈ ಓದುಗರಲ್ಲಿ ಮಹಾಪರಾಧ. ಮೇಷ್ಟ್ರಿಗೆ ಇದು ಅರ್ಥವಾಗುವುದಿಲ್ಲ. ಅಭಿಮನ್ಯು ಸಾಯುತ್ತಾನೆಂದು ಗೊತ್ತಿದ್ದೇ ಜನ ಬೆಳತನಕ ಆಟ ನೋಡುತ್ತಾರಲ್ಲ ಎಂಬುದು ಅವರ ಪ್ರಶ್ನೆ. ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಾಳೆ.

ನಮ್ಮಂಥ ಕೂಟ ಹಿಂದೆಯೂ ಇತ್ತು. ಆಕ್ಸ್‌ಫರ್ಡಿನಲ್ಲಿ ಸಿ.ಎಸ್. ಲೂಯಿಸನ ಕೋಣೆಯಲ್ಲಿ ಗುರುವಾರ ರಾತ್ರಿ ಗೆಳೆಯರು ಸೇರುತ್ತಿದ್ದರು. ಟೋಲ್ಕಿನ್ ಆಗಿನ್ನೂ ಬರೆಯುತ್ತಿದ್ದ 'ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯನ್ನು ಕಂತುಕಂತಾಗಿ ಓದಿ ಹೇಳುತ್ತಿದ್ದ. ಹ್ಯೂಗೋ ಡೈಸನ್ ಎಂಬ ಗೆಳೆಯನಿಗೆ ಎಲ್ಫ್‌ಗಳೆಂದರೆ ಆಗದು, ನರಳುತ್ತಿದ್ದ. ನಮ್ಮ ಡೈಸನ್ ಡಾಕ್ಟರಮ್ಮ. "ಮತ್ತ ಹಾಡಾಕ ಹತ್ತಿದ್ವೇನ್ರೀ ಆ ಎಲ್ಫಗೋಳು? ಕಂಪನಿ ನಾಟಕದಾಗ ಇದಕ್ಕಿಂತ ಕಡಿಮಿ ಹಾಡು ಇರ್ತಾವ."

ಹೀಗೆ ಮಾತು ನನ್ನ ಸಂಕಟಕ್ಕೆ ಬಂತು. ಟೋಲ್ಕಿನ್ ಅದನ್ನು ಒಂದೇ ಪುಸ್ತಕವಾಗಿ ಬರೆದ. ಯುದ್ಧ ಮುಗಿದ ಕಾಲ, ಕಾಗದ ದುಬಾರಿ. ಪ್ರಕಾಶಕರು ಮೂರು ಸಂಪುಟ ಮಾಡಿ 1954-55ರಲ್ಲಿ ಹೊರತಂದರು. ನನಗೆ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಿದ್ದು ಮೂರನ್ನೂ ಸೇರಿಸಿದ ಹಳೇ ಪ್ರತಿ, ಸಾವಿರ ಪುಟ ದಾಟಿದ್ದು. ಮೇಷ್ಟ್ರು ತಡೆಯಲಾರದೆ ಮೊದಲು ತೆಗೆದುಕೊಂಡು ಹೋದರು. ಮನೆಯಲ್ಲಿ ಅದನ್ನು ಗಮಕಕ್ಕೆ ಇಟ್ಟಿದ್ದ ವ್ಯಾಸಪೀಠದ ಮೇಲಿಟ್ಟು, ಭಾರತವನ್ನು ಬಿಡಿಸುವ ಹಾಗೆ ಎರಡೂ ಕೈಯಿಂದ ಅಗಲಿಸಿದರು. ಒಣಗಿದ ಅಂಟು ಚಟ್ಟೆಂದಿತು. ಮುಂದಿನ ಭಾನುವಾರ ಮೊದಲರ್ಧವನ್ನು ನನಗೆ ಕೊಟ್ಟು, "ನಾನಿದನ್ನು ಓದಿಯಾಯ್ತು. ನೀವು ಮುಗಿಸೋದರೊಳಗೆ ಉಳಿದದ್ದು ತಂದುಕೊಡ್ತೀನಿ. ಬೈಟು ಅಂದ್ಕೊಳ್ಳಿ" ಎಂದರು.

ನಾನು ಹದಿನೈದು ದಿನದಲ್ಲಿ ಮುಗಿಸಿದೆ. ನನ್ನ ಅರ್ಧದ ಕೊನೆಯ ಪುಟದಲ್ಲಿ ಗ್ಯಾಂಡಾಲ್ಫ್ ಪುಟ್ಟ ಪಿಪ್ಪಿನ್ನನ್ನು ಮುಂದೆ ಕೂರಿಸಿಕೊಂಡು ರಾತ್ರೋರಾತ್ರಿ ಕುದುರೆ ಓಡಿಸುತ್ತಿದ್ದಾನೆ. ಮುಂದಿನ ಪುಟ ಮೇಷ್ಟ್ರ ಮನೆಯಲ್ಲಿದೆ. ಮೇಷ್ಟ್ರು ಪ್ರತಿ ತಿಂಗಳೂ ಅದನ್ನು ತರುತ್ತಾರೆ, ಇನ್ನೂ ಹತ್ತು ಪುಟ ಓದಿದ್ದನ್ನು ವರ್ಣಿಸುತ್ತಾರೆ, ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮುಗಿಸಿದರೆ ನಿಯಮದ ಪ್ರಕಾರ ಅದನ್ನು ತರುವಂತಿಲ್ಲವಲ್ಲ, ಅದಕ್ಕೇ ಮುಗಿಸುತ್ತಿಲ್ಲ ಎಂಬ ಗುಮಾನಿ ನನ್ನದು. ಆ ನಿಯಮ ಮಾಡಿದವನೂ ನಾನೇ. ಹೊಸ ಪ್ರತಿ ಕೊಳ್ಳಬಾರದೇ ಎಂದು ಹುಡುಗಿ ಕೇಳುತ್ತಾಳೆ. ಬೈಟು ಕಾಫಿಯಲ್ಲಿ ತನ್ನ ಪಾಲು ಕುಡಿದವನು, ಎದುರಿನವರು ನಿಧಾನವಾಗಿ ಹೀರುತ್ತಿದ್ದಾರೆಂದು ಇನ್ನೊಂದು ಫುಲ್ ಕಾಫಿ ತರಿಸಿಕೊಳ್ಳುತ್ತಾನೆಯೇ?

ಮೇಷ್ಟ್ರು ಈ ಪತ್ರಿಕೆ ತಪ್ಪದೆ ಓದುತ್ತಾರೆಂದು ಬಲ್ಲೆ. ಮೇಷ್ಟ್ರೇ, ಒಂದೂವರೆ ವರ್ಷದಿಂದ ಆ ಕುದುರೆ ಓಡುತ್ತಲೇ ಇದೆ. ಬರುವ ಎರಡನೇ ಭಾನುವಾರ ಉಳಿದರ್ಧವನ್ನು ದಯವಿಟ್ಟು ಕೊಟ್ಟುಬಿಡಿ. ಪುರಾಣ ಎಷ್ಟು ಬೇಕಾದರೂ ಹೇಳಿ, ಅವತ್ತಿನ ಬಿಲ್ಲು ನನ್ನದು.