ಜಲಾಭಿಮುಖ ವಸತಿಗೃಹ ಚಿತ್ರಪತ್ರ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪೀಠಿಕೆ

ನೀರಿನ ದಂಡೆಯ ಹೋಟೆಲುಗಳ ಹಳೆಯ ಬಣ್ಣದ ಪೋಸ್ಟ್ ಕಾರ್ಡುಗಳ ಮೇಲೆ ಕನ್ನಡದಲ್ಲಿ ಗಂಭೀರ ಅಧ್ಯಯನ ನಡೆದಿಲ್ಲ. ಇದರಿಂದ ನಾಡಿಗೆ ಏನು ನಷ್ಟವಾಗಿದೆ ಎಂಬುದು ಯಾರಿಗೂ ತಿಳಿಯದಿರುವುದೇ ನಷ್ಟದ ಅಗಾಧತೆಗೆ ಸಾಕ್ಷಿ. ಸದರಿ ಕೊರತೆಯ ಜೊತೆಗೆ ಪ್ರಬಂಧಕಾರನ ಬಡ್ತಿಗೆ ಬೀಳುತ್ತಿರುವ ಅಂಕಗಳ ಕೊರತೆಯನ್ನೂ ನೀಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ವ್ಯಾಪ್ತಿ ತಮಿಳುನಾಡಿನ ತೇನಿ ಜಿಲ್ಲೆಯ ಉತ್ತಮಪಾಳಯಂನಿಂದ ಹೊರಟು ಕಂಬಂ, ಗೂಡಲೂರು, ಲೋಯರ್ ಕ್ಯಾಂಪ್ ದಾಟಿ, ಘಾಟಿ ಹತ್ತಿ, ಕೇರಳದ ಕುಮಿಳಿ ಮತ್ತು ತೇಕ್ಕಡಿ ಸೇರುವ ರಸ್ತೆ. ಇದನ್ನು ಬಸ್ಸಿನ ದಾರಿ ಎಂದುಬಿಟ್ಟರೆ ಅನುದಾನ ಸಿಗುವುದಿಲ್ಲ. ಆದಕಾರಣ ಇನ್ನು ಮುಂದೆ ಇದನ್ನು ‘ಪರ್ಯಟನಾ ಸಂಕಥನದ ಊರ್ಧ್ವಮುಖಿ ಅಕ್ಷ’ ಎನ್ನತಕ್ಕದ್ದು. ತೇಕ್ಕಡಿಯ ನೀರಿನ ಬದಿಯ ಅರಣ್ಯ ನಿವಾಸ್ ಹೋಟೆಲು, ದೋಣಿಯಲ್ಲೇ ಹೋಗಬೇಕಾದ, ಹಿಂದೆ ತಿರುವಾಂಕೂರು ಅರಸರ ಬಿಡಾರವಾಗಿದ್ದ ಲೇಕ್ ಪ್ಯಾಲೆಸ್, ಇವು ನಮ್ಮ ‘ಪಠ್ಯ’ಗಳು. ಅಲ್ಲಿ ಕೋಣೆ ಹಿಡಿದು ಉಳಿಯುವವರು ‘ಓದುಗರು’. ಬಿಲ್ಲು ಕಟ್ಟುವವರು ಯಾರೆಂಬುದನ್ನು ಸಿದ್ಧಾಂತ ಇನ್ನೂ ಬಗೆಹರಿಸಿಲ್ಲ.

ಪೂರ್ವಸೂರಿಗಳ ಸಮೀಕ್ಷೆ

ಯಾವ ವಿಷಯವನ್ನೇ ಆಗಲಿ ಅಮೆರಿಕದಿಂದ ಶುರುಮಾಡದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಮೋಟೆಲ್ ಎಂಬ ಹೆಸರು ಹೊತ್ತ ಮೊದಲ ವಸತಿಗೃಹ 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ತೆರೆಯಿತು. ಕಾರಿನಲ್ಲಿ ಬಂದವರು ರಾತ್ರಿ ತಂಗಿ, ಅಲ್ಲಿನ ಚಿತ್ರವಿದ್ದ ಕಾರ್ಡನ್ನು ಊರಿಗೆ ಕಳಿಸುತ್ತಿದ್ದರು. ಶಿಕಾಗೋದ ಕರ್ಟ್ ಟೈಕ್ ಕಂಪನಿ ಇಂಥ ಕಾರ್ಡುಗಳನ್ನು ರಾಶಿರಾಶಿಯಾಗಿ ಅಚ್ಚು ಹಾಕಿತು. ನಮ್ಮಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಕಾಲಾಣೆಗೆ. ಈ ಮೂರು ಸಂಗತಿಗಳಿಗೂ ಉತ್ತಮಪಾಳಯಂಗೂ ಇರುವ ನಂಟನ್ನು ಕೇಳುವುದು ಸಂಶೋಧನಾ ಶಿಷ್ಟಾಚಾರಕ್ಕೆ ವಿರುದ್ಧ.

ವರ್ಗೀಕರಣ

ಚಿತ್ರಪತ್ರಗಳು ಹನ್ನೊಂದು ಬಗೆ.

ಒಂದು, ನೀಲಾತಿರೇಕ ಪ್ರಕಾರ. ನೀರೂ ಆಕಾಶವೂ ಒಂದೇ ಡಬ್ಬಿಯ ನೀಲಿಯಲ್ಲಿ ಅದ್ದಿದಂತಿರುತ್ತವೆ. ಹೋಟೆಲಿನ ಬಿಳಿ ಗೋಡೆಗೂ ಅಷ್ಟು ನೀಲಿ ಹತ್ತಿರುತ್ತದೆ. ಇದು ಅಚ್ಚಿನಮನೆಯಲ್ಲಿ ಬಣ್ಣದ ಪ್ಲೇಟು ಕೂದಲೆಳೆಯಷ್ಟು ಸರಿದದ್ದರ ಫಲ ಎಂದು ಪ್ರೆಸ್ಸಿನವರು ಹೇಳಬಹುದು. ನಾವು ಅದನ್ನು ‘ವಸಾಹತೋತ್ತರ ವರ್ಣವಿಭ್ರಮೆ’ ಎನ್ನುತ್ತೇವೆ.

ಎರಡು, ಗಜಾಪೇಕ್ಷಾ ಪ್ರಕಾರ. ನೀರಿನಾಚೆಯ ಹುಲ್ಲಿನಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆಗಳು. ಅವು ಆನೆಗಳೆಂದು ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವುದರಿಂದ ಅವು ಆನೆಗಳು.

ಮೂರು, ಶುಷ್ಕವೃಕ್ಷ ಪ್ರಕಾರ. ನೀರಿನ ನಡುವೆ ಎಲೆಯಿಲ್ಲದ, ತೊಗಟೆಯಿಲ್ಲದ ಕರಿ ಬೊಡ್ಡೆಗಳು, ಹಿಂದೆ ಹೋಟೆಲಿನ ಕೆಂಪು ಹೆಂಚು. ವಿಚಾರ ಸಂಕಿರಣವೊಂದರಲ್ಲಿ ವಿದ್ವಾಂಸರೊಬ್ಬರು ಈ ಬೊಡ್ಡೆಗಳನ್ನು ಪರದೆಯ ಮೇಲೆ ತೋರಿಸಿ ‘ಗೈರುಹಾಜರಿಯ ಸೌಂದರ್ಯ’ ಎಂದು ಮುಕ್ಕಾಲು ಗಂಟೆ ಕೊರೆದರು. ಶಾಲು ಹೊದಿಸಿಕೊಂಡು, ಪ್ರಮಾಣಪತ್ರ ಹಿಡಿದು ಹೊರಟರು. ಆ ಮರಗಳು ಯಾಕೆ ಸತ್ತವು ಎಂದು ಅವರೂ ಹೇಳಲಿಲ್ಲ, ಸಭೆಯೂ ಕೇಳಲಿಲ್ಲ.

ನಾಲ್ಕರಿಂದ ಹನ್ನೊಂದರವರೆಗಿನ ಪ್ರಕಾರಗಳನ್ನು ಇಲ್ಲಿಗೆ ಕೈಬಿಡಲಾಗಿದೆ. ಬೇಕಾದವರು ತಾವೇ ಹೆಸರಿಟ್ಟುಕೊಳ್ಳಬಹುದು, ಸಂಸ್ಕೃತ ನಿಘಂಟು ಪೇಟೆಯಲ್ಲಿ ಸಿಗುತ್ತದೆ.

ಚರ್ಚೆ

ಆ ಮರಗಳು ಮುಳುಗಿ ಸತ್ತವು. ಕಾರ್ಡಿನ ಮೇಲೆ ಸರೋವರ ಎಂದಿರುವುದು ಸರೋವರವಲ್ಲ, ಅಣೆಕಟ್ಟಿನ ಹಿನ್ನೀರು. ಪೆನ್ನಿಕ್ವಿಕ್ ಎಂಬ ಎಂಜಿನಿಯರು ಪೆರಿಯಾರ್ ನದಿಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆ 1895ರಲ್ಲಿ ಮುಗಿಯಿತು. ಪಶ್ಚಿಮಕ್ಕೆ ಹರಿಯುವ ಹೊಳೆಯನ್ನು ಸುರಂಗದಲ್ಲಿ ಪೂರ್ವಕ್ಕೆ ತಿರುಗಿಸಿ ಕಂಬಂ ಕಣಿವೆಗೆ ಇಳಿಸಿದರು. ಕಾಡಿನ ಜ್ವರಕ್ಕೆ, ಬೇನೆಗೆ ನೂರಾರು ಕೂಲಿಗಳು ಸತ್ತರು, ಕಟ್ಟೆಯ ಹತ್ತಿರವೇ ಅವರನ್ನು ಮಣ್ಣು ಮಾಡಿದರು. ಆ ಗೋರಿಗಳ ಚಿತ್ರ ಹಾಕಿದ ಕಾರ್ಡು ಯಾವ ಹೋಟೆಲಿನ ಕೌಂಟರಿನಲ್ಲಿ ಮಾರಾಟವಾದೀತು?

ವಸತಿಯ ಸಿದ್ಧಾಂತವೇ ಬೇಕಿದ್ದರೆ ಇದನ್ನು ನೋಡಿ. ಈ ಅಣೆಕಟ್ಟಿಗಾಗಿ 1886ರಲ್ಲಿ ತಿರುವಾಂಕೂರು ಸಂಸ್ಥಾನ 8,000 ಎಕರೆಯನ್ನು ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ 999 ವರ್ಷಕ್ಕೆ ಬ್ರಿಟಿಷ್ ಸರ್ಕಾರಕ್ಕೆ ಗುತ್ತಿಗೆ ಕೊಟ್ಟಿತು. ನೀರಿನ ದಂಡೆಯಲ್ಲಿ ಇದಕ್ಕಿಂತ ದೀರ್ಘ ಬುಕಿಂಗ್ ಇನ್ನೊಂದಿರಲಾರದು, ಕೋಣೆ ಖಾಲಿ ಮಾಡಬೇಕಾದದ್ದು 2885ರ ಹೊತ್ತಿಗೆ. ಬಾಡಿಗೆ ಏರಿದ್ದು 1970ರಲ್ಲಿ, ಎಕರೆಗೆ 30 ರೂಪಾಯಿಗೆ. ನೀರಿನ ಮಟ್ಟ ಎಷ್ಟಿರಬೇಕೆಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2014ರಲ್ಲಿ 142 ಅಡಿ ಎಂದು ತೀರ್ಪಾಯಿತು. ಕಾರ್ಡಿನಲ್ಲಿ ಮಾತ್ರ ನೀರು ಸದಾ ತುಂಬಿ, ಸದಾ ನಿಶ್ಚಲ.

ಅದೇ ನಿಶ್ಚಲ ನೀರಿನಲ್ಲಿ 2009ರ ಸೆಪ್ಟೆಂಬರ್ 30ರಂದು ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ಈ ಸಂಗತಿಗೆ ಹೊಸೆಯಲು ನನ್ನಲ್ಲಿ ಪಾರಿಭಾಷಿಕ ಪದವಿಲ್ಲ, ಇದ್ದರೂ ಬಳಸುವುದಿಲ್ಲ.

ಬೇರೊಂದು ಚಿತ್ರವಿದೆ. ಕಣಿವೆಯ ಟೀ ಅಂಗಡಿಗಳಲ್ಲಿ, ರೈತರ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ಮೀಸೆಯ ಬಿಳಿಯನೊಬ್ಬನ ಫೋಟೋ ಕಾಣಿಸುತ್ತದೆ. ಪೆನ್ನಿಕ್ವಿಕ್. ಮಕ್ಕಳಿಗೆ ಆ ಹೆಸರಿಡುವವರೂ ಇದ್ದಾರೆ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಒಕ್ಕಲಿಗ ಕಾಪ್ಪಿಲಿಯರ ಕುಟುಂಬಗಳು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿವೆ. ಮಂಡ್ಯದ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಪಟಕ್ಕಿರುವ ಜಾಗವೇ ಇಲ್ಲಿ ಪೆನ್ನಿಕ್ವಿಕ್ ಪಟಕ್ಕೆ. ನಮ್ಮ ಕನ್ನಂಬಾಡಿಯ ಕಾರ್ಡುಗಳೂ ಬೇರೆಯಲ್ಲ: ಬೃಂದಾವನದ ಕಾರಂಜಿ, ದೀಪ, ಹೋಟೆಲು. ಮುಳುಗಿದ ಹಳೆಯ ಕನ್ನಂಬಾಡಿಯಾಗಲಿ, ನಾಲೆಯ ಕೊನೆಯಲ್ಲಿ ನೀರಿಗೆ ಕಾದು ಕುಳಿತ ರೈತನಾಗಲಿ ಅವುಗಳಲ್ಲಿಲ್ಲ.

ಕಾರ್ಡು ಮಾರುವವನದು ವ್ಯಾಪಾರ, ಅವನು ಚೆಂದದ್ದನ್ನಷ್ಟೇ ತೋರಿಸುತ್ತಾನೆ, ಬಿಡಿ. ಆ ಕಾರ್ಡನ್ನು ಓದುತ್ತೇವೆಂದು ಸಂಬಳ ಎಣಿಸುವ ನಮ್ಮ ಪಂಡಿತರಿಗೇನಾಗಿದೆ? ಉತ್ತಮಪಾಳಯಂಗೆ ಬರುತ್ತಾರೆ, ಬಂಡೆಯ ಮೇಲಿನ ಜೈನ ತೀರ್ಥಂಕರರನ್ನು ಅಳೆದುಕೊಳ್ಳುತ್ತಾರೆ. ಕನ್ನಡ ಆಡುವ ಅಜ್ಜಿಯನ್ನು ಜಗುಲಿಯ ಮೇಲೆ ಕೂರಿಸಿ, ‘ಹೇಳಜ್ಜಿ, ಇನ್ನೊಂದ್ಸಲ ಹೇಳು’ ಎಂದು ನಾಲ್ಕು ಕ್ರಿಯಾಪದ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಕೆ ಕೊಟ್ಟ ಕಾಫಿ ಕುಡಿದು, ಆಕೆಯನ್ನು ‘ದತ್ತಾಂಶ’ ಎಂದು ಬರೆದು ಸಂಜೆಯ ಬಸ್ಸು ಹಿಡಿಯುತ್ತಾರೆ. ಗದ್ದೆಗೆ ನೀರು ಬಂತೇ ಎಂದು ಒಬ್ಬರೂ ಕೇಳುವುದಿಲ್ಲ. ಕಾರ್ಡು ರೈತನನ್ನು ಚೌಕಟ್ಟಿನಾಚೆ ಬಿಟ್ಟಿತು, ಇವರು ಎದುರಿಗೆ ಕೂತೇ ಬಿಟ್ಟರು.

ಫಲಿತಾಂಶ ಮತ್ತು ಶಿಫಾರಸು

ಈ ವಿಷಯದಲ್ಲಿ ಹೆಚ್ಚಿನ ಸಂಶೋಧನೆಯ ಅಗತ್ಯವಿಲ್ಲ. ತೇಕ್ಕಡಿಗೆ ಹೋಗುವವರು ಹಳೆಯ ಕಾರ್ಡು ಸಿಕ್ಕರೆ ಧಾರಾಳವಾಗಿ ಕೊಳ್ಳಿ, ನೀಲಿ ಬಣ್ಣ ಕಣ್ಣಿಗೆ ಒಳ್ಳೆಯದೇ. ಘಾಟಿ ಹತ್ತುವ ಮುನ್ನ ಲೋಯರ್ ಕ್ಯಾಂಪಿನಲ್ಲಿ ಒಮ್ಮೆ ಇಳಿದು, ಬೆಟ್ಟದಿಂದ ವಿದ್ಯುದಾಗಾರಕ್ಕೆ ನೀರನ್ನು ಇಳಿಸುವ ದೈತ್ಯ ಕೊಳವೆಗಳನ್ನು ಕತ್ತೆತ್ತಿ ನೋಡಿ. ಕಂಬಂ ಕಣಿವೆಯಲ್ಲಿ ಆ ನೀರನ್ನು ನೆಚ್ಚಿದ ಗದ್ದೆ 14,707 ಎಕರೆ. ಮೊದಲ ಬೆಳೆಗೆ ನೀರು ಬಿಡುವ ವಾಡಿಕೆಯ ದಿನ ಜೂನ್ 1.