ರೂಲ್ಸ್ ಪ್ರಕಾರ ರೌಡಿ

ಲಿಫ್ಟಿನಲ್ಲಿ ‘ಗರಿಷ್ಠ 6 ಜನ’ ಎಂದು ಬರೆದಿದ್ದರೂ ಏಳನೆಯವರಾಗಿ ನುಗ್ಗುವವರು ಒಂದು ಜಾತಿ. ಆರನೆಯವರಾಗಿದ್ದೂ ಒಳಗಿರುವವರ ಮೈಕಟ್ಟು ನೋಡಿ ಮೆಟ್ಟಿಲು ಹತ್ತುವವರು ಇನ್ನೊಂದು ಜಾತಿ. ನಮ್ಮ ರಾಯರು ಎರಡನೆಯ ಜಾತಿಯ ಮುಖಂಡರು. ರಾಯರು ಅಂದ ಮಾತ್ರಕ್ಕೆ ಮುದುಕರಲ್ಲ. ನಲವತ್ತರ ಆಸುಪಾಸು, ಜಯನಗರದಲ್ಲಿ ಮನೆ, ಆಡಿಟ್ ಕೆಲಸ. ನಡುರಾತ್ರಿ ನಾಯಿಯೂ ಇಲ್ಲದ ಸರ್ಕಲ್ಲಿನಲ್ಲಿ ಕೆಂಪು ದೀಪ ಕಂಡರೆ ಸ್ಕೂಟರ್ ಆಫ್ ಮಾಡಿ ಕಾಯುವವರು.

ಇದೇ ರಾಯರು ಶನಿವಾರ ರಾತ್ರಿ ಯಾರ ಮಾತೂ ಕೇಳದ ಹಾಂಕಾಂಗ್ ಪೊಲೀಸ್ ಅಧಿಕಾರಿ. ಊಟದ ಮೇಜಿನ ಸುತ್ತ ನಾವು ನಾಲ್ಕೈದು ಜನ ಕೂರುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ, ಗೆಲುವು ಸೋಲು ದಾಳದ ಕೈಯಲ್ಲಿ. ಈ ಬಗೆಯ ಆಟಗಳ ಮೂಲಪುರುಷ ಎನ್ನಬಹುದಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರದು. ರಾಯರು ಮೊದಲು ಆಡಿದ್ದೂ ಅದನ್ನೇ. ಅದರಲ್ಲಿ ಹತ್ತಡಿಯ ಕೋಲೊಂದನ್ನು ಕೊಳ್ಳಬಹುದು. ಆ ಕೋಲಿನಿಂದ ರಾಯರು ಗುಹೆಯ ಪ್ರತಿಯೊಂದು ಚಪ್ಪಡಿಯನ್ನೂ ಕುಟ್ಟಿ, ಬಾಗಿಲಿಗೆ ಕಿವಿಯಿಟ್ಟು, ಚಿಲಕ ಮುಟ್ಟುವ ಮೊದಲು ಕೈಗವಸು ಹಾಕಿಕೊಂಡರು. ಒಳಗಿದ್ದ ಡ್ರ್ಯಾಗನ್‌ಗೆ ನಮ್ಮ ಮುಖ ತೋರಿಸುವ ಹೊತ್ತಿಗೆ ಎಲ್ಲರ ಹೆಂಡತಿಯರ ಫೋನು ಬಂದಿತ್ತು.

ರಾಯರಿಗೆ ಮದ್ದಾಗಿ ಬಂದದ್ದು ‘ಫೆಂಗ್ ಶೂಯಿ’. ಮನೆಗೆ ಬಿದಿರು ಗಿಡ ತರುವ ಶಾಸ್ತ್ರವಲ್ಲ. ರಾಬಿನ್ ಲಾಸ್ ಎಂಬಾತ ಹಾಂಕಾಂಗ್ ಆ್ಯಕ್ಷನ್ ಸಿನಿಮಾಗಳ ಗುಂಗಿನಲ್ಲಿ ಬರೆದು 1996ರಲ್ಲಿ ಹೊರಬಂದ ಆಟ. ಕಥೆ ನಡೆಸುವವನು ಪೂರ್ವಸಿದ್ಧತೆಗೆಂದು ಜಾನ್ ವೂ ನಿರ್ದೇಶನದ 1992ರ ‘ಹಾರ್ಡ್ ಬಾಯಿಲ್ಡ್’ ನೋಡಲು ಹೇಳಿದ. ರಾಯರು ನೋಟ್‌ಬುಕ್ ಹಿಡಿದು ನೋಡಿದರು. ಹಕ್ಕಿಪಂಜರ ತೂಗುಹಾಕಿದ ಟೀ ಅಂಗಡಿಯಲ್ಲಿ ನಡೆಯುವ ಆ ಗುಂಡಿನ ಕಾಳಗ ಮುಗಿದ ಮೇಲೆ ಅವರು ಕೇಳಿದ್ದು ಒಂದೇ: “ಒಂದು ಪಿಸ್ತೂಲಲ್ಲಿ ಇಷ್ಟು ಗುಂಡಾ? ಸ್ಟಾಕ್ ರಿಜಿಸ್ಟರ್ ಯಾರು ನೋಡ್ತಾರೆ?”

ಮೊದಲ ಶನಿವಾರ, ಹೋಟೆಲಿನ ಮಹಡಿಯ ಮೇಲೆ ರೌಡಿಗಳು ಸುತ್ತುವರಿದಾಗ ರಾಯರು, “ಅಲ್ಲಿ ಗಾಜಿನ ತೂಗುದೀಪ ಇದೆಯಾ? ಎಷ್ಟು ಕೆಜಿ ತಡೆಯತ್ತೆ?” ಎಂದರು. “ಸಾರ್, ಅಂಥ ಹೋಟೆಲಲ್ಲಿ ಇರಬೇಕಾದ್ದು ಇದ್ದೇ ಇರತ್ತೆ. ಕೇಳ್ಬೇಡಿ, ಜೋತುಬೀಳಿ” ಎಂದ ಕಥೆಗಾರ. ರಾಯರು ಆಟದ ಪುಸ್ತಕ ಈಸಿಕೊಂಡು ಆ ನಿಯಮವಿದ್ದ ಪುಟ ಓದಿದರು. ಮತ್ತೊಮ್ಮೆ ಓದಿದರು. ಅಚ್ಚಾಗಿದೆ! ಎಗರಾಟ, ಹಾರಾಟ ಎಷ್ಟು ಬಣ್ಣ ಕಟ್ಟಿ ಹೇಳಿದರೂ ಅದಕ್ಕೆಂದು ದಂಡವಿಲ್ಲ. ತೂಗುದೀಪ ಒಡೆದರೆ ಮೂರು ಕೊಟೇಶನ್ ತರಬೇಕಿಲ್ಲ, ಯಾರ ಸಹಿಯೂ ಬೇಡ. ಹೆಸರಿಲ್ಲದ ಚಿಲ್ಲರೆ ರೌಡಿಗೆ ಏಟು ಐದು ಅಂಕದ ಅಂತರದಲ್ಲಿ ಬಿದ್ದರೆ ಸಾಕು, ನೆಲಕಚ್ಚಿದ. ಗಾಯದ ಲೆಕ್ಕವೇ ಇಲ್ಲ.

ಇಂಥ ಆಟಕ್ಕೆ ಹೊಡೆದಾಟದ ಹುಚ್ಚಿನವರೇ ಬರುತ್ತಾರೆಂದು ಹಲವರ ನಂಬಿಕೆ. ನಾನು ಕಂಡಂತೆ ಅವರು ಬರುವುದಿಲ್ಲ. ಅವರಿಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕೇ ಸಾಕು. ಬರುವವರು ರಾಯರಂಥವರು, ಉಡಾಳತನಕ್ಕೂ ಲಿಖಿತ ಅನುಮತಿ ಬೇಕಾದವರು.

ಅನುಮತಿ ಸಿಕ್ಕ ಮೇಲೆ ಅವರನ್ನು ಹಿಡಿಯುವವರಾರು? ಆ ಪುಸ್ತಕದಲ್ಲಿ ಒಂದು ಮುದ್ದಾದ ನಿಯಮವಿದೆ: ಶಾಟ್‌ಗನ್ನನ್ನು ಒಮ್ಮೆ ಜಗ್ಗಿ, ಅದರ ಸದ್ದನ್ನು ಆಟಗಾರ ಬಾಯಲ್ಲೇ ಮಾಡಿದರೆ ಏಟಿಗೆ ಒಂದು ಅಂಕ ಹೆಚ್ಚು. ರಾಯರು ಒಂದು ಅಂಕವನ್ನೂ ಬಿಡುವ ಪೈಕಿಯಲ್ಲ. ಪ್ರತಿ ಗುಂಡಿಗೂ ಎದ್ದುನಿಂತು, ಕನ್ನಡಕ ಸರಿಮಾಡಿಕೊಂಡು, “ಖಟಕ್... ಖಟಾಕ್!” ಒಳಗಿನಿಂದ ಅವರ ಮನೆಯವರು, “ರೀ, ಗಂಟಲಿಗೆ ಬಿಸಿನೀರು ಕೊಡ್ಲಾ?” ಎನ್ನುತ್ತಾರೆ.

ಕಳೆದ ಬಾರಿ ಗೋದಾಮಿನ ಕಾಳಗದಲ್ಲಿ ಕಥೆಗಾರನ ನಾಲಿಗೆ ಜಾರಿತು. ಬಾಗಿಲು ಕಾಯುವ ರೌಡಿಯ ಕೈಲಿ, “ಅಣ್ಣಾ, ನಾನು ಮಂಜ, ಹೊಡೀಬೇಡಿ” ಎನ್ನಿಸಿಬಿಟ್ಟ. ಹಾಂಕಾಂಗಿನಲ್ಲಿ ಮಂಜ ಹೇಗೆ ಎಂದು ನಾವು ನಗುವಷ್ಟರಲ್ಲಿ ರಾಯರು ಶಾಟ್‌ಗನ್ ಇಳಿಸಿದರು.

“ಇವನಿಗೆ ಹೆಸರಿದೆ. ಇನ್ನು ಒಂದೇ ಏಟಿಗೆ ಬೀಳೋಹಾಗಿಲ್ಲ. ಹೆಸರಿದ್ದೋರಿಗೆ ಗಾಯದ ಲೆಕ್ಕ ಇಡಬೇಕು, ಪುಸ್ತಕದಲ್ಲೇ ಇದೆ.”

“ಸಾರ್, ಬಾಯಿ ತಪ್ಪಿ ಬಂತು. ಅವನು ಬರೀ ವಾಚ್‌ಮನ್ನು!”

“ಬಾಯಿ ತಪ್ಪಿದ್ದು ನಿಮ್ಮದು. ಹೆಸರು ಅವನದು.”

ಮಂಜನಿಗೆ ಹಾಳೆಯೊಂದನ್ನು ರಾಯರೇ ಗೆರೆ ಹಾಕಿ ಬರೆದರು. ದಾಳ ಹಿಡಿದ ಮಂಜನಿಗೆ ಆರರ ಮೇಲೆ ಆರು. ಆರು ಬಿದ್ದರೆ ಮತ್ತೆ ಎಸೆದು ಕೂಡಿಸಬೇಕೆಂಬ ನಿಯಮವನ್ನು ಮರೆತಿದ್ದ ಕಥೆಗಾರನಿಗೆ ನೆನಪಿಸಿದ್ದೂ ರಾಯರೇ. ಮುಖ್ಯ ವಿಲನ್ ಹೆಲಿಕಾಪ್ಟರಿನಲ್ಲಿ ಆರಾಮಾಗಿ ಹಾರಿಹೋದ. ಇತ್ತ ವಾಚ್‌ಮನ್ ಮಂಜ ಪೊಲೀಸ್ ಅಧಿಕಾರಿಯನ್ನು ಮೀನಿನ ಬುಟ್ಟಿಗಳ ಮೇಲೆ ಅಂಗಾತ ಕೆಡವಿದ. ರಾಯರು ತಮ್ಮ ಗಾಯಗಳನ್ನು ಕೂಡಿಸಿ, ಮೊತ್ತದ ಕೆಳಗೆ ಎರಡು ಗೆರೆ ಎಳೆದು, ಮಂಜನ ಹಾಳೆಯನ್ನು ಫೈಲಿಗೆ ಹಾಕಿಕೊಂಡರು. ಈ ಶನಿವಾರದಿಂದ ತಮ್ಮ ಪಾತ್ರ ಅವನೇ ಅಂತೆ.